ಗಾಳಿ ತಾಗಿದ ಚಿಪ್‌ಗಳು

ಹೋದ ಭಾನುವಾರ ಬೆಂಗಳೂರಿನಿಂದ ನಾದಿನಿ ಕಳಿಸಿದ್ದ ಚಟ್ನಿಪುಡಿಯ ಪೊಟ್ಟಣವನ್ನು ಕತ್ತರಿಸುತ್ತಿದ್ದೆ. ಬೆಳ್ಳಿ ಬಣ್ಣದ ದಪ್ಪ ಹಾಳೆಯದು. ಒಳಗಿನ ಗಾಳಿಯನ್ನೆಲ್ಲ ಹೀರಿ ಸೀಲ್ ಮಾಡಿದ್ದರಿಂದ ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಕತ್ತರಿಯ ಬಾಯಿ ಮೂಲೆಗೆ ತಾಗಿದ್ದೇ ತಡ, ‘ಹುಸ್’ ಎಂದು ಸಣ್ಣದೊಂದು ಉಸಿರೆಳೆದುಕೊಂಡು ಪೊಟ್ಟಣ ಮೆತ್ತಗಾಯಿತು. ಆಮೇಲೆ ಒಣಕೊಬ್ಬರಿಯ, ಇಂಗಿನ ವಾಸನೆ ಬಂತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ವಾಸನೆಯಲ್ಲ, ಆ ಉಸಿರು. ಕತ್ತರಿ ಕೈಯಲ್ಲೇ ಉಳಿಯಿತು... ಮೇಷ್ಟ್ರು ನೆನಪಾದರು.

ಅವರು ಮೈಸೂರಿನ ಕಾಲೇಜೊಂದರಲ್ಲಿ ಹದಿನೆಂಟು ವರ್ಷ ಫಿಸಿಕ್ಸ್ ಪಾಠ ಮಾಡಿ, ನಲವತ್ತೇಳನೆಯ ವಯಸ್ಸಿಗೆ ಐರ್ಲೆಂಡಿಗೆ ಬಂದವರು. ಕಾರ್ಕ್‌ನ ಸಂಶೋಧನಾ ಕೇಂದ್ರವೊಂದರಲ್ಲಿ ವಿಜ್ಞಾನಿಯಾಗಿದ್ದರು. ನಾನು ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಹೊರಗಿನಿಂದ ಬರುವ ಪ್ರತಿಯೊಂದು ಸಾಮಾನೂ ಮೊದಲು ನನ್ನ ಮೇಜಿಗೆ ಬರಬೇಕು, ನಾನು ಸಹಿ ಹಾಕಬೇಕು, ಆಮೇಲೆ ಮೇಲಿನ ಲ್ಯಾಬುಗಳಿಗೆ ಹೋಗಬೇಕು. ಇಡೀ ಕಟ್ಟಡದಲ್ಲಿ ಕನ್ನಡದವರು ನಾವಿಬ್ಬರೇ.

ನನ್ನ ವಿಷಯವನ್ನೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹದಿನಾರನೆಯ ವಯಸ್ಸಿಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರ ಕಸ ಗುಡಿಸಲು ಸೇರಿದವನು ನಾನು. ಮೂವತ್ತಕ್ಕೆ ಅದೇ ಸಾಲಿನಲ್ಲಿ ಸ್ವಂತ ಅಂಗಡಿ ಹಾಕಿದೆ. ಓದಿದ್ದು ಹತ್ತನೇ ಕ್ಲಾಸು. ಕಲಿತದ್ದೆಲ್ಲ ಗಲ್ಲಾಪೆಟ್ಟಿಗೆಯ ಈಚೆ ನಿಂತು. ಹೆಂಡತಿ ಡಾಕ್ಟರು. ಅವಳಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದಾಗ ಅಂಗಡಿ ಮಾರಿ ಅವಳ ಹಿಂದೆ ಬಂದೆ. ಕಾರ್ಕ್ ಊರಂಚಿನ ಡಗ್ಲಸ್‌ನ ಬಾಡಿಗೆ ಮನೆಯಲ್ಲಿ ಎರಡು ವರ್ಷ ಸುಮ್ಮನೆ ಕೂತೆ. ಬೆಳಿಗ್ಗೆ ಹೆಂಡತಿಯನ್ನು ಬಸ್ಸು ಹತ್ತಿಸುವುದು, ಶಾಪಿಂಗ್ ಸೆಂಟರಿನಲ್ಲಿ ಏನೂ ಕೊಳ್ಳದೆ ಸುತ್ತುವುದು, ಮಳೆ ಹನಿಯುವ ಕಿಟಕಿ ನೋಡುವುದು. ದಿನಕ್ಕೆ ಇನ್ನೂರು ಜನರ ಜೊತೆ ಬಾಯಿ ಮಾಡುತ್ತಿದ್ದವನು ದಿನಕ್ಕೆ ಇಪ್ಪತ್ತು ಮಾತಿಗೆ ಇಳಿದಿದ್ದೆ. ಹಾಗಾಗಿ ಈ ಸ್ಟೋರ್ಸ್ ಕೆಲಸ ಸಿಕ್ಕಿದಾಗ ಅದು ನನಗೆ ಬರೀ ಕೆಲಸವಾಗಿರಲಿಲ್ಲ. ಮೊದಲ ಒಂದು ವರ್ಷ ಪ್ರೊಬೇಷನ್; ಒಂದು ತಪ್ಪಾದರೆ ಮತ್ತೆ ಆ ಕಿಟಕಿ...

ನೆಲಮಾಳಿಗೆಯಲ್ಲಿ ಕಿಟಕಿಯೇ ಇರಲಿಲ್ಲ ಅನ್ನುವುದು ಬೇರೆ ಮಾತು. ಒಂದು ಬಾಗಿಲು ಲಾರಿಗಳ ಕಡೆಗೆ, ಇನ್ನೊಂದು ಲಿಫ್ಟಿನ ಕಡೆಗೆ. ಎರಡಕ್ಕೂ ಕಾರ್ಡ್ ತೋರಿಸಬೇಕು.

ಅಲ್ಲಿಗೆ ಮೇಷ್ಟ್ರು ಮೊದಲ ಸಲ ಇಳಿದು ಬಂದದ್ದು ಒಂದು ಪೆಟ್ಟಿಗೆ ವಿಚಾರಿಸಲು. ನನ್ನ ಇಂಗ್ಲಿಷ್ ಕೇಳಿ ಕತ್ತು ಓರೆ ಮಾಡಿ, “ಸ್ವಾಮಿ, ಬೆಂಗಳೂರಾ?” ಅಂದರು. ಅಂಗಡಿಯ ಕಥೆ ಕೇಳಿದ ಮೇಲೆ ನನ್ನನ್ನು ‘ಸಾಹುಕಾರ್ರೇ’ ಎಂದೇ ಕರೆಯತೊಡಗಿದರು. ದಿನಾ ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಾವಿಬ್ಬರೂ ಎದುರುಬದುರು. ಅವರ ಡಬ್ಬಿಯಲ್ಲಿ ಯಾವಾಗಲೂ ಮೊಸರನ್ನ. ಗಟ್ಟಿ ದನಿ, ಆದರೆ ಮಾತು ನಿಧಾನ. ಪ್ರಶ್ನೆ ಕೇಳಿದರೆ ಉತ್ತರಕ್ಕೆ ಆತುರಪಡಿಸದೆ ಮುಖ ನೋಡುತ್ತಾ ಕೂರುವ ಅಭ್ಯಾಸ. ಆ ನೋಟದ ಎದುರು ನಾನೇ ಒಮ್ಮೊಮ್ಮೆ ಹೈಸ್ಕೂಲಿನ ಹುಡುಗನಾಗಿಬಿಡುತ್ತಿದ್ದೆ.

ಅವರ ಕೆಲಸ ಕ್ವಾಂಟಮ್ ಕಂಪ್ಯೂಟರಿನ ಚಿಪ್‌ಗಳ ಮೇಲೆ. ಲೋಹವನ್ನು ಊಹೆಗೂ ಸಿಗದಷ್ಟು ತಂಪು ಮಾಡಿದರೆ ಅದರಲ್ಲಿ ಕರೆಂಟು ಎಳ್ಳಷ್ಟೂ ತಡೆಯಿಲ್ಲದೆ ಓಡುತ್ತದಂತೆ. ಅಂಥ ಲೋಹದ ಪದರದಲ್ಲಿ ಮಾಡಿದ ಸರ್ಕ್ಯೂಟು ಅವರದು. ತಡೆ ಇಲ್ಲದಿದ್ದರೂ ಒಳಗೆ ಇಟ್ಟ ಶಕ್ತಿ ಎಲ್ಲೋ ಸೋರಿಹೋಗುತ್ತಿತ್ತು. ಎಲ್ಲಿ ಸೋರುತ್ತದೆ, ಯಾವ ಲೋಹ ಬಳಸಿದರೆ ಕಡಿಮೆ ಸೋರುತ್ತದೆ, ಆ ಲೋಹವನ್ನು ಹೇಗೆ ಶುದ್ಧವಾಗಿ ಇಟ್ಟುಕೊಳ್ಳಬೇಕು, ಇದೇ ಅವರ ಹಗಲಿನ ಚಿಂತೆ. ಹಳೆಯ ಲೋಹ ಬಿಟ್ಟು ಟ್ಯಾಂಟಲಮ್ ಎಂಬುದನ್ನು ಹಿಡಿದಿದ್ದರು. ಅದರ ಪದರವನ್ನು ಬೇರೆ ದೇಶದ ಲ್ಯಾಬೊಂದು ಹೊಸ ರೀತಿಯಲ್ಲಿ ಮಾಡಿ, ಗಾಳಿಯೇ ತಾಗದಂತೆ ಸೀಲ್ ಮಾಡಿ ಕಳಿಸುತ್ತಿತ್ತು. ಒಂದು ಡಬ್ಬಿಗೆ ಹನ್ನೆರಡು ಚಿಪ್, ಎರಡು ಬೆಳ್ಳಿ ಪೊಟ್ಟಣದಲ್ಲಿ ಆರಾರು.

“ಅಷ್ಟು ತಂಪು ಮಾಡೋ ನಿಮ್ಮ ಫ್ರಿಜ್ಜು ಒಂದ್ಸಲ ತೋರ್ಸಿ ಮೇಷ್ಟ್ರೇ” ಅಂದಿದ್ದಕ್ಕೆ ಕರೆದೊಯ್ದು ತೋರಿಸಿದರು. ಸೂರಿನಿಂದ ತೂಗುಹಾಕಿದ ದೊಡ್ಡ ಬಿಳಿ ಡಬ್ಬಿ. ಅದರೊಳಗೊಂದು ಡಬ್ಬಿ, ಅದರೊಳಗೆ ಮತ್ತೊಂದು, ಹೀಗೆ ಐದೋ ಆರೋ. ಕೊನೆಯದರೊಳಗೆ ಉಗುರಿನಷ್ಟು ಚಿಪ್.

“ಸಿಕ್ಕಿಹಾಕ್ಕೊಂಡಿರೋದು ಅದೊಂದೇ ಅಲ್ಲ ಸಾಹುಕಾರ್ರೇ,” ಎಂದು ನಕ್ಕರು. “ಕಾಂಟ್ರಾಕ್ಟ್ ಒಳಗೆ ಪರ್ಮಿಟ್ಟು, ಪರ್ಮಿಟ್ ಒಳಗೆ ಮನೆ ಲೀಸು, ಲೀಸ್ ಒಳಗೆ ಮಗಳ ಸ್ಕೂಲು. ಹೊರಗಿನ ಡಬ್ಬಿ ತೆಗೆದ್ರೆ ಒಳಗಿಂದೆಲ್ಲ ಹೋಯ್ತು.”

ತಮಾಷೆಯ ಮಾತೇನಲ್ಲ ಅದು. ಅವರ ಮಗಳು ಆಗ ಇಲ್ಲಿನ ಸೆಕೆಂಡರಿ ಸ್ಕೂಲಿನ ಐದನೇ ವರ್ಷದಲ್ಲಿದ್ದಳು. ಇನ್ನೊಂದು ವರ್ಷ ಕಳೆದರೆ ಲೀವಿಂಗ್ ಸರ್ಟ್, ಅಂದರೆ ನಮ್ಮ ಎರಡನೇ ಪಿಯುಸಿ ಪರೀಕ್ಷೆ ಇದ್ದ ಹಾಗೆ. ಅಪ್ಪನ ಕಾಂಟ್ರಾಕ್ಟು ಮುಗಿಯುವುದು ಅದಕ್ಕೆ ಹತ್ತು ತಿಂಗಳು ಮೊದಲೇ, ಆಗಸ್ಟಿನಲ್ಲಿ. ಜೂನಿನಲ್ಲಿ ಕೂರುವ ಅನುದಾನ ಸಮಿತಿ ಇನ್ನೊಂದು ವರ್ಷ ಕೊಟ್ಟರೆ ಹುಡುಗಿಯ ಪರೀಕ್ಷೆ ಮುಗಿಯುತ್ತದೆ. ಕೊಡದಿದ್ದರೆ ಅರ್ಧಕ್ಕೇ ಬಿಟ್ಟು, ಅವಳು ಓದಿಯೇ ಇರದ ಸಿಲಬಸ್ಸಿಗೆ, ಬರೆಯಲು ಸರಾಗವಾಗಿ ಬಾರದ ಕನ್ನಡಕ್ಕೆ ವಾಪಸ್ಸು. ಸಮಿತಿ ಕೇಳಿದ್ದು ಒಂದೇ: ಸೋರಿಕೆ ಕಡಿಮೆಯಾಗಿದೆ ಅಂತ ತೋರಿಸಿ.

ಈಗ ನನ್ನ ಅಭ್ಯಾಸದ ಮಾತು. ಎಸ್.ಪಿ. ರೋಡಿನಲ್ಲಿ ನನಗೆ ಮೊದಲು ಕಲಿಸಿದ ಪಾಠ, ಎಣಿಸದೆ ಸಹಿ ಹಾಕಬೇಡ ಅನ್ನುವುದು. ‘ಸೀಲ್ ಒಡೆದರೆ ವಾಪಸ್ಸಿಲ್ಲ’ ಎಂದು ಬರೆದ ಪೊಟ್ಟಣದಲ್ಲೇ ನಾಲ್ಕು ಕಡಿಮೆ ಇರುತ್ತದೆ, ಅದು ಮಾರುವವನ ಹೂಟ. ನಾನು ಸೀಲನ್ನು ಬ್ಲೇಡಿನಿಂದ ಕೂದಲೆಳೆಯಷ್ಟು ಬಿಡಿಸಿ, ಎಣಿಸಿ, ಮತ್ತೆ ಅಂಟಿಸಿದರೆ ತಯಾರಿಸಿದವನಿಗೂ ಗೊತ್ತಾಗುತ್ತಿರಲಿಲ್ಲ. ಆ ಕೈಚಳಕಕ್ಕೆ ಅಂಗಡಿ ಸಾಲಿನಲ್ಲಿ ಹೆಸರಾಗಿದ್ದೆ. ಇಲ್ಲಿನ ಸ್ಟೋರ್ಸಿನಲ್ಲಂತೂ ಗಾಳಿ ಹೀರಿ ಅಂಚನ್ನು ಕಾಯಿಸಿ ಅಂಟಿಸುವ ಯಂತ್ರವೇ ಇತ್ತು. ಮೇಷ್ಟ್ರ ಮೊದಲ ಡಬ್ಬಿ ಬಂದಾಗ ಪೊಟ್ಟಣದ ಮೇಲೆ ‘ಲ್ಯಾಬಿನೊಳಗೆ ಮಾತ್ರ ತೆರೆಯಿರಿ’ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಎಲ್ಲರೂ ಹೀಗೇ ಬರೆಯುತ್ತಾರೆ ಅಂದುಕೊಂಡೆ. ಬಿಚ್ಚಿದೆ. ‘ಹುಸ್’ ಎಂದಿತು. ಆರು ಇತ್ತು. ಇನ್ನೊಂದರಲ್ಲೂ ಆರು. ಮತ್ತೆ ಅಂಟಿಸಿ ಮೇಲಕ್ಕೆ ಕಳಿಸಿದೆ. ನಮ್ಮವರ ಸಾಮಾನು ಅಂತ ಸ್ವಲ್ಪ ಹೆಚ್ಚೇ ಮುತುವರ್ಜಿ.

ಆ ಹನ್ನೆರಡೂ ಕೆಟ್ಟವು. ಫ್ರಿಜ್ಜಿನಲ್ಲಿಟ್ಟು ಅಳೆದರೆ ಹಳೆಯ ಲೋಹದಷ್ಟೇ ಸೋರಿಕೆ. ಮೇಷ್ಟ್ರ ಮೊಸರನ್ನ ಅರ್ಧಕ್ಕೇ ಉಳಿಯತೊಡಗಿತು.

“ಸಪ್ಲೈಯರ್‌ದೇ ತಪ್ಪು ಮೇಷ್ಟ್ರೇ,” ಎಂದು ಬುದ್ಧಿ ಹೇಳಿದೆ. ಬುದ್ಧಿ ಹೇಳುವುದರಲ್ಲಿ ನಾನು ಎಂದೂ ಜುಗ್ಗನಲ್ಲ. “ಮೆತ್ತಗೆ ಕೇಳಿದ್ರೆ ಯಾರೂ ಬದಲಾಯ್ಸಿ ಕೊಡಲ್ಲ. ಗಟ್ಟಿಯಾಗಿ ಒಂದು ಮೇಲ್ ಹಾಕಿ.”

“ಅವ್ರು ಮಾಡಿದ ಚಿಪ್ಪು ಅವರ ಲ್ಯಾಬಲ್ಲಿ ಸರಿಯಾಗೇ ಇದೆಯಂತೆ.”

“ಮಾರೋನು ಇನ್ನೇನ್ ಅಂತಾನೆ? ನೀವು ಪಾಠ ಮಾಡಿದೋರು, ನಾನು ವ್ಯಾಪಾರ ಮಾಡಿದೋನು. ನನ್ನ ಮಾತು ಕೇಳಿ.”

ಕೇಳಿದರು. ನಾನೇ ಹೇಳಿ ಬರೆಸಿದ ಮೇಲ್ ಅದು. ಪಾಪ, ಆ ಲ್ಯಾಬಿನವರು ಮರುಮಾತಿಲ್ಲದೆ ಎರಡನೆಯ ಡಬ್ಬಿ ಕಳಿಸಿದರು. ಬದಲಿ ಕೊಟ್ಟ ಸಾಮಾನನ್ನು ಎರಡು ಪಟ್ಟು ಹುಷಾರಾಗಿ ನೋಡಬೇಕು ಅನ್ನುವುದು ನಮ್ಮ ಸಾಲಿನ ಇನ್ನೊಂದು ಪಾಠ. ಹಾಗಾಗಿ ಈ ಸಲ ಒಂದೊಂದು ಚಿಪ್ಪನ್ನೂ ಬೆಳಕಿಗೆ ಹಿಡಿದು, ಗೀರು ಬಿದ್ದಿದೆಯೇ ಎಂದು ನೋಡಿ ಒಳಗಿಟ್ಟೆ. ಅವೂ ಕೆಟ್ಟವು. ಮೊದಲಿನದಕ್ಕಿಂತ ಜಾಸ್ತಿ.

ಅದಾಗಿ ಒಂದು ವಾರಕ್ಕೆ, ಮಾರ್ಚ್ ಇರಬೇಕು, ಕ್ಯಾಂಟೀನಿನಲ್ಲಿ ಮೇಷ್ಟ್ರು ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಖಾಲಿ ಗಾಜಿನ ಲೋಟವನ್ನು ಮುಂದಿಟ್ಟುಕೊಂಡರು. ಚಮಚದಿಂದ ಅಂಚಿಗೆ ಒಮ್ಮೆ ತಟ್ಟಿದರು. ‘ಟಿಣ್’ ಎನ್ನುವ ನಾದ ಉದ್ದಕ್ಕೆ ಹೋಯಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಮತ್ತೆ ತಟ್ಟಿ, ಈ ಸಲ ಬೆರಳಿನ ತುದಿಯನ್ನು ಲೋಟಕ್ಕೆ ತಾಗಿಸಿದರು. ನಾದ ಅಲ್ಲೇ ಸತ್ತಿತು.

“ಲೋಟ ಅದೇ, ತಟ್ಟಿದ್ದೂ ಅಷ್ಟೇ. ಬೆರಳು ಕುಡಿದುಬಿಡ್ತು. ನನ್ನ ಲೋಹಕ್ಕೂ ಹೀಗೇ ಒಂದು ಬೆರಳು ತಾಗುತ್ತೆ ಸಾಹುಕಾರ್ರೇ. ಏನ್ ಹೇಳಿ?”

“ಏನು?”

“ಗಾಳಿ. ತಾಮ್ರದ ಚೊಂಬು ಮಂಕಾಗಲ್ವಾ, ಹಾಗೆ. ಕಣ್ಣಿಗೆ ಕಾಣದಷ್ಟು ತೆಳ್ಳಗೆ ಒಂದು ಪೊರೆ ಕಟ್ಟುತ್ತೆ. ಇಟ್ಟ ಶಕ್ತಿನೆಲ್ಲ ಆ ಪೊರೆ ಕುಡಿಯುತ್ತೆ. ಒಳ್ಳೆ ಲೋಹ ತಂದ್ರೆ ಸಾಲ್ದು, ಮೈ ಮುಟ್ಟದ ಹಾಗೆ ನೋಡ್ಕೋಬೇಕು.” ಡಬ್ಬಿಯ ಮುಚ್ಚಳ ಹಾಕಿ ಎದ್ದು ನಿಂತವರು, “ಮುಂದಿನ ಡಬ್ಬಿ ಬಂದಾಗ ನನಗೆ ಒಂದು ಫೋನ್ ಮಾಡಿ. ನಾನೇ ಬಂದು ತಗೊಂಡು ಹೋಗ್ತೀನಿ” ಎಂದರು. ಮುಖದಲ್ಲಿ ಏನೂ ಇರಲಿಲ್ಲ. ಎಂದಿನಂತೆ ಒಂದು ಗಳಿಗೆ ನನ್ನನ್ನು ನೋಡಿದರು, ಹೋದರು.

ಲಿಫ್ಟಿನಲ್ಲಿ ಇಳಿದು ಸ್ಟೋರ್ಸಿಗೆ ಬಂದೆ. ಮೇಜಿನ ಮೇಲೆ ಬ್ಲೇಡು, ಪಕ್ಕದಲ್ಲಿ ಸೀಲ್ ಯಂತ್ರ... ಎರಡು ಡಬ್ಬಿ, ಇಪ್ಪತ್ತನಾಲ್ಕು ಚಿಪ್. ಎಲ್ಲಕ್ಕೂ ಗಾಳಿ ತೋರಿಸಿದವನು ನಾನು. ಅದರ ಮೇಲೆ ತಯಾರಿಸಿದವನನ್ನೇ ಕಳ್ಳನೆಂದು ಬೈಸಿದವನೂ ನಾನೇ.

ಅವತ್ತೇ ಮೇಲೆ ಹೋಗಿ ಹೇಳಬಹುದಿತ್ತು. ಯಾಕೆ ಹೇಳಲಿಲ್ಲ ಅಂದರೆ, ಚೌಕಾಸಿಯ ಮೊದಲನೆಯ ನಿಯಮ ನನ್ನ ರಕ್ತದಲ್ಲಿತ್ತು: ಮೊದಲು ಬಾಯಿ ಬಿಟ್ಟವನು ಸೋತ. ಗಿರಾಕಿ ಬೆಲೆ ಹೇಳುವವರೆಗೆ ನೀನು ಹೇಳಬೇಡ. ಪ್ರೊಬೇಷನ್ ಮುಗಿಯಲು ಇನ್ನು ನಾಲ್ಕು ತಿಂಗಳು. ಮೇಷ್ಟ್ರಿಗೆ ಗೊತ್ತಾಗಿಲ್ಲ, ಗೊತ್ತಾದರೆ ಅವರೇ ಕೇಳುತ್ತಾರೆ, ಕೇಳಿದಾಗ ನೋಡೋಣ. ಮೂರನೆಯ ಡಬ್ಬಿ ಸರಿಯಾಗಿ ಬಂದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ. ಹೀಗೆ ನನ್ನ ಜೊತೆ ನಾನೇ ಚೌಕಾಸಿ ಮಾಡಿಕೊಂಡೆ. ಹೆಂಡತಿಗೂ ಹೇಳಲಿಲ್ಲ.

ಮೂರನೆಯದು ಮೇ ತಿಂಗಳಲ್ಲಿ ಬಂತು. ಬೆರಳೂ ತಾಗಿಸದೆ ಫೋನ್ ಮಾಡಿದೆ. ಮೇಷ್ಟ್ರು ಬಂದು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದರು. ಎರಡು ವಾರದ ನಂತರ ಸ್ಟೋರ್ಸಿಗೆ ಇಳಿದು ಬಂದರು, ಕೈಯಲ್ಲೊಂದು ಗ್ರಾಫಿನ ಹಾಳೆ.

“ಬಂತು ಸಾಹುಕಾರ್ರೇ! ಹನ್ನೆರಡಕ್ಕೆ ಹನ್ನೊಂದು. ಸೋರಿಕೆ ಎಷ್ಟು ಇಳಿದಿದೆ ನೋಡಿ.”

ನನಗೆ ಕುಣಿಯಬೇಕು ಅನ್ನಿಸಿತು. “ಇನ್ನೇನು ಮೇಷ್ಟ್ರೇ, ಸಮಿತಿ ಮುಂದೆ ಇದನ್ನೇ ಇಟ್ಬಿಡಿ. ಇನ್ನೊಂದು ವರ್ಷ ಗ್ಯಾರಂಟಿ.”

ಅವರು ಹಾಳೆಯನ್ನು ನಿಧಾನವಾಗಿ ಮಡಿಚಿದರು. “ಒಂದು ಸಲ ಬಂದ್ರೆ ಅದೃಷ್ಟ ಅಂತಾರೆ. ಎರಡು ಸಲ ಯಾಕೆ ಬರ್ಲಿಲ್ಲ ಅಂತ ಕೇಳ್ತಾರೆ. ಕಾರಣ ಹೇಳಕ್ಕಾದ್ರೆ ಮೂರು ಡಬ್ಬಿನೂ ಒಂದೇ ಕಥೆ ಹೇಳುತ್ತೆ. ಗಾಳಿ ತಾಗಿದ್ದು ಕೆಟ್ಟಿದೆ, ತಾಗದ್ದು ಉಳಿದಿದೆ. ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಕಾರಣ ಗೊತ್ತಿಲ್ಲ ಅಂದ್ರೆ...” ಮಾತು ನಿಲ್ಲಿಸಿ ನನ್ನ ಮೇಜಿನ ಅಂಚಿಗೆ ಒರಗಿ ನಿಂತರು. ನಿಂತೇ ಇದ್ದರು. ಸೂರಿನ ಮೇಲಿನ ಗಾಳಿಯ ಕೊಳವೆ ಗುಂಯ್‌ಗುಡುತ್ತಿತ್ತು. ನಾನು ಲೇಬಲ್ಲುಗಳ ಕಟ್ಟನ್ನು ಬಿಚ್ಚಿ ಮತ್ತೆ ಜೋಡಿಸಿದೆ. ನಾಲಿಗೆಯ ತುದಿಗೆ ಬಂದಿತ್ತು, ಖಂಡಿತ ಬಂದಿತ್ತು...

“ಮಗಳು ಹೇಗೆ ಓದ್ತಿದಾಳೆ?” ಅಂದೆ.

“ಓದ್ತಿದಾಳೆ,” ಅಂದರು. ಇನ್ನೂ ಸ್ವಲ್ಪ ಹೊತ್ತು ಇದ್ದು, ಹೋದರು.

ಜೂನಿನಲ್ಲಿ ಸಮಿತಿ ಕೂತಿತು. ಫಲಿತಾಂಶ ಚೆನ್ನಾಗಿದೆ, ಆದರೆ ಮೂರರಲ್ಲಿ ಎರಡು ಸಲ ಯಾಕೆ ಸೋತಿತು ಎಂಬುದಕ್ಕೆ ವಿವರಣೆಯಿಲ್ಲ ಎಂದು ಬರೆದು, ಆ ವರ್ಷದ ಅನುದಾನವನ್ನು ಬೇರೆ ತಂಡಕ್ಕೆ ಕೊಟ್ಟಿತು. ನನಗೆ ಸುದ್ದಿ ಗೊತ್ತಾದದ್ದು ವಾರದ ಮೇಲೆ. ನೇರ ಅವರ ಕೋಣೆಗೆ ಹೋದೆ. ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು.

ಹೇಳಿದೆ. ಆದರೆ ಹೇಗೆ ಹೇಳಿದೆ ಗೊತ್ತೇ? ಎಸ್.ಪಿ. ರೋಡಿನ ಪದ್ಧತಿ ಹೀಗೆ, ಇಂಥಿಂಥ ಮೋಸ ಆಗುತ್ತಿತ್ತು, ನಿಮ್ಮ ಒಳ್ಳೆಯದಕ್ಕೇ ಎಣಿಸಿದೆ, ಲೇಬಲ್ಲು ಇನ್ನೂ ಸ್ಪಷ್ಟವಾಗಿರಬೇಕಿತ್ತು... ಸಾಮಾನಿನ ಕೊರತೆ ಮುಚ್ಚಿ ಮಾರುವವನ ಮಾತು. ‘ತಪ್ಪಾಯಿತು’ ಎಂಬ ಒಂದು ಪದ ಅಷ್ಟರಲ್ಲಿ ಎಲ್ಲೂ ಬರಲಿಲ್ಲ.

ಮೇಷ್ಟ್ರು ಅಡ್ಡಮಾತಿಲ್ಲದೆ ಕೇಳಿಸಿಕೊಂಡರು. ಮೇಜಿನ ಡ್ರಾಯರ್ ಎಳೆದು ನಾಲ್ಕು ಬೆಳ್ಳಿ ಪೊಟ್ಟಣಗಳನ್ನು ತೆಗೆದು ಮುಂದಿಟ್ಟರು. ಮೊದಲ ಎರಡು ಡಬ್ಬಿಗಳದ್ದು. ಪ್ರತಿಯೊಂದರ ಕೆಳಗಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ, ಸಾಸಿವೆಯಷ್ಟು ಚಿಕ್ಕದಾಗಿ, ೬ ಎಂದಿತ್ತು. ಎಣಿಸಿ ಆದ ಮೇಲೆ ಮೂಲೆಯಲ್ಲಿ ಕನ್ನಡದ ಅಂಕಿ ಹಾಕುವುದು ನನ್ನ ಕೈಯ ಅಭ್ಯಾಸ. ಬೇರೆ ಅಂಗಡಿಯ ಮಾರವಾಡಿಗಳಿಗೆ ತಿಳಿಯಬಾರದೆಂದು ಶುರುವಾದದ್ದು, ಕೈಗೆ ಅಂಟಿಕೊಂಡುಬಿಟ್ಟಿತ್ತು. ಹಾಕಿದ್ದು ನನಗೇ ನೆನಪಿರಲಿಲ್ಲ.

“ಈ ಬಿಲ್ಡಿಂಗಲ್ಲಿ ಇದನ್ನ ಬರೆಯೋರು ಒಬ್ರು, ಓದೋನು ಒಬ್ಬ,” ಎಂದರು.

“ಮಾರ್ಚಲ್ಲೇ ಗೊತ್ತಿತ್ತಾ ಮೇಷ್ಟ್ರೇ?” ಎಂದೆ. “ಮತ್ತೆ ಯಾಕೆ ಕೇಳ್ಲಿಲ್ಲ? ಕೇಳಿದ್ರೆ ಹೇಳ್ಬಿಡ್ತಿದ್ದೆ!”

“ಹದಿನೆಂಟು ವರ್ಷ ಕ್ಲಾಸಲ್ಲಿ ಯಾರ್ ಮೇಲೂ ಬೆರಳು ತೋರ್ಸಿದೋನಲ್ಲ ನಾನು. ಗೊತ್ತಿದ್ರೂ ಬೋರ್ಡ್ ಕಡೆ ತಿರುಗಿ ಕಾಯ್ತಿದ್ದೆ. ಎದ್ದು ನಿಲ್ತಿದ್ರು. ಎಲ್ರೂ ನಿಲ್ತಿದ್ರು, ಒಂದ್ ದಿನ ಹೆಚ್ಚು ಕಮ್ಮಿ.” ಒಂದು ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟರು. “ಈ ಸಲ ಲೆಕ್ಕ ತಪ್ಪಿತು. ಸಮಿತಿ ಕಾಯಲ್ಲ ಅನ್ನೋದನ್ನ ಮರೆತೆ.”

ಅವರದೂ ಹಟವೇ. ಅದನ್ನು ನಾನು ಮುಚ್ಚಿಡುವುದಿಲ್ಲ. ಒಂದು ಮಾತು ಗದರಿದ್ದರೆ ಮುಗಿಯುತ್ತಿತ್ತು. ಅವರು ನಾನು ಎದ್ದು ನಿಲ್ಲಲಿ ಎಂದು ಕಾದರು, ನಾನು ಅವರು ಬೆಲೆ ಹೇಳಲಿ ಎಂದು ಕಾದೆ. ನಡುವೆ ಆ ಹುಡುಗಿಯ ಒಂದು ವರ್ಷ ಸೋರಿಹೋಯಿತು.

ಆ ಸಂಜೆಯೇ ಎಲ್ಲವನ್ನೂ ಬರೆದು ವಿಭಾಗದ ಮುಖ್ಯಸ್ಥೆಗೆ ಕೊಟ್ಟೆ. ಐರಿಷ್ ಹೆಂಗಸು, ಒಳ್ಳೆಯವಳು. ಎರಡು ಸಲ ಓದಿದಳು. ಮೂರು ವಾರ ಮೊದಲು ಬಂದಿದ್ದರೆ ಇದನ್ನು ಸಮಿತಿಯ ಮುಂದೆ ಇಡುತ್ತಿದ್ದೆ, ಈಗ ಅನುದಾನ ಹಂಚಿಯಾಗಿದೆ ಎಂದಳು. ನನ್ನ ಕೆಲಸದ ಗತಿ ಕೇಳಿದೆ. “ಯೂ ಆರ್ ಗ್ರ್ಯಾಂಡ್” ಎಂದಳು; ಇಲ್ಲಿನವರ ಮಾತಿನಲ್ಲಿ ಏನೂ ತೊಂದರೆಯಿಲ್ಲ ಅಂತ. ನಾಲ್ಕು ತಿಂಗಳು ನಾನು ಎದೆಯಲ್ಲಿ ಹೊತ್ತು ತಿರುಗಿದ ಭಯದ ಬೆಲೆ ಅಷ್ಟೇ. ಸ್ಟೋರ್ಸಿನ ನಿಯಮಾವಳಿಯಲ್ಲಿ ಒಂದು ಸಾಲು ಹೆಚ್ಚಾಯಿತು. ನನ್ನ ಪ್ರೊಬೇಷನ್ ಮುಗಿಯಿತು.

ಆಗಸ್ಟಿನಲ್ಲಿ ಮೇಷ್ಟ್ರ ಸಂಸಾರ ಮೈಸೂರಿಗೆ ಹೋಯಿತು. ಏರ್‌ಪೋರ್ಟಿಗೆ ನನ್ನ ಕಾರಿನಲ್ಲೇ ಬಿಟ್ಟೆ. ಹಿಂದಿನ ಸೀಟಿನಲ್ಲಿ ಹುಡುಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಮೇಷ್ಟ್ರು ದಾರಿಯುದ್ದಕ್ಕೂ ಟ್ಯಾಂಟಲಮ್ ಬಗ್ಗೆಯೇ ಮಾತಾಡಿದರು. ಮೊದಲು ಹಬ್ಬಕ್ಕೆ ಮೆಸೇಜು ಇತ್ತು. ಆಮೇಲೆ ನಾನೇ ಕಡಿಮೆ ಮಾಡಿದೆ...

ಇದೆಲ್ಲ ಆಗಿ ಐದಾರು ವರ್ಷವಾಯಿತು. ಈಗ ನಾನು ಸ್ಟೋರ್ಸಿಗೆ ಮ್ಯಾನೇಜರು. ಹೊಸದಾಗಿ ಬರುವ ನಮ್ಮವರಿಗೆ ಮನೆ ಹಿಡಿಯುವುದು, ಕಾರು ಕೊಳ್ಳುವುದು, ಸಂಬಳ ಮಾತಾಡುವುದು ಎಲ್ಲಕ್ಕೂ ಸಲಹೆ ಕೊಡುತ್ತೇನೆ. ಜನ ಹುಡುಕಿಕೊಂಡು ಬರುತ್ತಾರೆ.

ಆ ಭಾನುವಾರ ಕತ್ತರಿ ಕೆಳಗಿಟ್ಟು ಹೆಂಡತಿಗೆ ಎಲ್ಲ ಹೇಳಿದೆ, ಮೊದಲ ಸಲ. ಅವಳು ತನ್ನ ಫೋನಿನಲ್ಲಿ ಎಂದೋ ಉಳಿಸಿಕೊಂಡಿದ್ದ ಮೇಷ್ಟ್ರ ಹೆಂಡತಿಯ ಮೈಸೂರಿನ ನಂಬರು ಹುಡುಕಿ ನನ್ನ ಮುಂದೆ ಹಿಡಿದು, “ಈಗ್ಲೇ ಮಾಡಿ” ಅಂದಳು. ಎತ್ತಿದ್ದು ಮಗಳು.

“ಹಲೋ? ಅಮ್ಮ ಫೋನ್ ಬಿಟ್ಟು ಹೊರಗ್ ಹೋಗಿದಾರೆ. ಹೂ ಈಸ್ ದಿಸ್?” ದನಿಯಲ್ಲಿ ಕಾರ್ಕ್‌ನ ಏರಿಳಿತ ಇನ್ನೂ ಇತ್ತು.

ಯಾರೆಂದು ಹೇಳಿದೆ. ಸ್ಟೋರ್ಸ್ ಅಂಕಲ್, ಏರ್‌ಪೋರ್ಟಿಗೆ ಬಿಟ್ಟವನು. ಅಪ್ಪ ಇದ್ದಾರಾ ಎಂದೆ.

“ಅಪ್ಪ ಹೋಗಿ ಎರಡು ವರ್ಷ ಆಯ್ತು ಅಂಕಲ್. ಹಾರ್ಟ್ ಅಟ್ಯಾಕ್.”

ಅಡುಗೆಮನೆಯ ಕುರ್ಚಿ ಎಳೆದುಕೊಂಡು ಕೂತೆ. ಅಪ್ಪ ನನ್ನ ವಿಷಯ ಏನಾದರೂ ಹೇಳಿದ್ದರೇ ಎಂದು ಕೇಳಿದೆ. ಇಲ್ಲವಂತೆ. ಫಂಡಿಂಗ್ ಮುಗಿಯಿತು, ಹೊರಟೆವು, ಅವಳಿಗೆ ಗೊತ್ತಿರುವುದು ಅಷ್ಟೇ. ಹಾಗೆಯೇ ಬಿಟ್ಟು ಫೋನ್ ಇಡಬಹುದಿತ್ತು. ಈ ಸಲ ಬಾಯಿ ಬಿಟ್ಟೆ. ಎಸ್.ಪಿ. ರೋಡು, ಲೇಬಲ್ಲು ಯಾವುದನ್ನೂ ತರಲಿಲ್ಲ. ಅಪ್ಪನ ಚಿಪ್‌ಗಳು ಕೆಟ್ಟದ್ದು ನನ್ನಿಂದ, ಹೊತ್ತಿಗೆ ಸರಿಯಾಗಿ ಹೇಳಿದ್ದರೆ ನೀನು ಇಲ್ಲೇ ಪರೀಕ್ಷೆ ಬರೆಯುತ್ತಿದ್ದೆ, ತಪ್ಪಾಯಿತಮ್ಮ ಎಂದೆ.

ಆ ಕಡೆ ಸ್ಕೂಟರುಗಳ ಸದ್ದು, ಯಾರೋ ಸೊಪ್ಪು ಮಾರುವ ಕೂಗು. ಆಮೇಲೆ ಅವಳು ಕೇಳಿದಳು, ಸಿಟ್ಟಿಲ್ಲದೆ, ನಿಜಕ್ಕೂ ತಿಳಿಯದವಳ ಹಾಗೆ:

“ಇದನ್ನ ಈಗ ನಂಗ್ಯಾಕೆ ಹೇಳ್ತಿದೀರ ಅಂಕಲ್?”

ಊರಿಗೆಲ್ಲ ಉತ್ತರ ಹೇಳುವವನು ನಾನು. ಹುಡುಕಿದೆ. ಅವಳು ಕಾದಳು, ಆತುರಪಡಿಸಲಿಲ್ಲ... ಕೊನೆಗೆ ಅವಳೇ, “ಅಮ್ಮ ಬಂದ್ರು, ಇಡ್ತೀನಿ” ಅಂದಳು.